ಹೊಸ ಇನ್ಸುಲಿನ್ ಪಂಪಿನ ಮೊದಲ ವಾರಗಳು

ಡ್ರಾಪರ್‌ನಿಂದ ಬೀಳುವ ಒಂದು ಹನಿ ಸುಮಾರು 0.05 ಮಿಲಿಲೀಟರ್. ಮಿಲಿಲೀಟರಿಗೆ 100 ಯೂನಿಟ್ ಇರುವ ಇನ್ಸುಲಿನ್ ಆದರೆ ಆ ಹನಿಯಲ್ಲಿರುವುದು 5 ಯೂನಿಟ್. ಗಂಟೆಗೆ 0.6 ಯೂನಿಟ್ ಬೇಡುವ ದೇಹಕ್ಕೆ ಅದನ್ನು ಎಂಟು ಗಂಟೆ ಕಾಲ ಇಷ್ಟಿಷ್ಟೇ ಹಂಚಬೇಕು. ಅಂಗೈಯಲ್ಲಿ ಹಿಡಿಸುವ ಇನ್ಸುಲಿನ್ ಪಂಪ್ ಹಗಲೂ ರಾತ್ರಿ ಮಾಡುವುದು ಈ ಕೆಲಸ. 1960ರ ದಶಕದಲ್ಲಿ ಲಾಸ್ ಏಂಜಲೀಸ್‌ನ ವೈದ್ಯ ಆರ್ನಾಲ್ಡ್ ಕಡೀಶ್ ಮಾಡಿದ ಮೊದಲ ಪಂಪನ್ನು ಬೆನ್ನಿಗೆ ಹೊತ್ತುಕೊಳ್ಳಬೇಕಿತ್ತು. ಇಂದಿನದು ಜೇಬಿನೊಳಗೆ ಇಳಿದಿದೆ. ಆದರೆ ಅದನ್ನು ಧರಿಸುವವರ ದೇಹಕ್ಕೆ ಯಾವ ಹೊತ್ತಿನಲ್ಲಿ ಎಷ್ಟು ಇನ್ಸುಲಿನ್ ಬೇಕು ಎಂಬುದು ಪೆಟ್ಟಿಗೆಯಿಂದ ಹೊರಬಂದ ಪಂಪಿಗೆ ಗೊತ್ತಿರುವುದಿಲ್ಲ. ಅದನ್ನು ಕಂಡುಕೊಳ್ಳುವುದಕ್ಕೇ ಮೊದಲ ಕೆಲವು ವಾರಗಳು ಬೇಕು. ಈ ಮಾತನ್ನು ಮೊದಲೇ ಯಾರೂ ಬಿಡಿಸಿ ಹೇಳದಿದ್ದರೆ, ಲಕ್ಷಗಟ್ಟಲೆ ಸುರಿದ ಮನೆಯವರು ಎರಡನೇ ವಾರಕ್ಕೇ ಕಂಗಾಲಾಗುತ್ತಾರೆ.

ಪಂಪ್ ಹೆಚ್ಚಾಗಿ ಬೇಕಾಗುವುದು ಟೈಪ್ 1 ಮಧುಮೇಹದವರಿಗೆ. ಅವರ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಬೀಟಾ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ನಾಶಮಾಡಿರುತ್ತದೆ. ಪಂಪಿಗೆ ಮೊದಲು ಅವರು ದಿನಕ್ಕೊಮ್ಮೆ ದೀರ್ಘಕಾಲ ಕೆಲಸ ಮಾಡುವ ಇನ್ಸುಲಿನ್, ಪ್ರತಿ ಊಟಕ್ಕೆ ಬೇಗ ಕೆಲಸ ಮಾಡುವ ಇನ್ನೊಂದು ಇನ್ಸುಲಿನ್ ಚುಚ್ಚಿಕೊಳ್ಳುತ್ತಿರುತ್ತಾರೆ. ಪಂಪಿನಲ್ಲಿ ಇರುವುದು ಬೇಗ ಕೆಲಸ ಮಾಡುವುದು ಮಾತ್ರ. ಅದೇ ಹನಿಹನಿಯಾಗಿ ಹರಿದು ಬೇಸಲ್ ಆಗುತ್ತದೆ, ಊಟದ ಹೊತ್ತಿಗೆ ಒಟ್ಟಿಗೆ ಬಂದು ಬೋಲಸ್ ಆಗುತ್ತದೆ. ದೀರ್ಘಕಾಲದ ಇನ್ಸುಲಿನ್ ನೀರು ನಿಂತ ಗದ್ದೆಯ ಹಾಗೆ, ನಾಲೆ ಬಂದಾದರೂ ಎರಡು ದಿನ ತಡೆದೀತು. ಪಂಪ್ ಹನಿ ನೀರಾವರಿಯ ತೋಟದ ಹಾಗೆ, ಪೈಪು ಕಟ್ಟಿಕೊಂಡರೆ ಬೇಗ ಗೊತ್ತಾಗುತ್ತದೆ. ಪಂಪಿನ ಅನುಕೂಲವೂ ಅಪಾಯವೂ ಇಲ್ಲೇ ಇವೆ.

ಆರಂಭದ ಲೆಕ್ಕ ಸರಳ. ದಿನಕ್ಕೆ 40 ಯೂನಿಟ್ ಚುಚ್ಚಿಕೊಳ್ಳುತ್ತಿದ್ದವರಿಗೆ ವೈದ್ಯರು ಸಾಮಾನ್ಯವಾಗಿ ಕಾಲು ಭಾಗದಷ್ಟು ಇಳಿಸಿ 30ರಿಂದ ಶುರುಮಾಡಿಸುತ್ತಾರೆ. ಅದರ ಅರ್ಧ, ಅಂದರೆ 15 ಯೂನಿಟ್, ಬೇಸಲ್. 24 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 0.6. 500ನ್ನು 30ರಿಂದ ಭಾಗಿಸಿದರೆ 17 ಬರುತ್ತದೆ: ಒಂದು ಯೂನಿಟ್ ಸುಮಾರು 17 ಗ್ರಾಂ ಕಾರ್ಬೋಹೈಡ್ರೇಟ್ ನಿಭಾಯಿಸುತ್ತದೆ ಎಂಬ ಅಂದಾಜು. 1800ನ್ನು 30ರಿಂದ ಭಾಗಿಸಿದರೆ 60: ಒಂದು ಯೂನಿಟ್ ಶುಗರನ್ನು ಸುಮಾರು 60 ಅಂಕ ಇಳಿಸುತ್ತದೆ. ಇವೆಲ್ಲ ಬರೀ ಅಂದಾಜು. ನಿಜವಾದ ಅಂಕಿಗಳು ಆ ದೇಹವನ್ನೇ ಕೇಳಿ ತಿಳಿಯಬೇಕಾದವು.

ಕೇಳುವುದನ್ನು ಬೇಸಲ್‌ನಿಂದ ಶುರುಮಾಡಬೇಕು. ಅದು ತಪ್ಪಿದ್ದರೆ ಊಟದ ಲೆಕ್ಕ ಎಷ್ಟು ಸರಿಯಿದ್ದರೂ ಕೂಡಿಬರುವುದಿಲ್ಲ. ರಾತ್ರಿ ಬೇಗ, ಎಣ್ಣೆ ತುಪ್ಪ ಕಡಿಮೆಯಿರುವ ಊಟ ಮುಗಿಸಿ, ಆ ಬೋಲಸ್‌ನ ಪ್ರಭಾವ ಕರಗುವ ತನಕ ನಾಲ್ಕು ಗಂಟೆ ಕಾದು, ಆಮೇಲೆ ಏನನ್ನೂ ತಿನ್ನದೆ ಬೆಳಗಿನವರೆಗೆ ಆಗಾಗ ಶುಗರ್ ನೋಡಬೇಕು. 30 ಅಂಕಕ್ಕಿಂತ ಹೆಚ್ಚು ಏರಿಳಿತ ಇಲ್ಲದಿದ್ದರೆ ರಾತ್ರಿಯ ಬೇಸಲ್ ಸರಿ. ನಡುವೆ ಶುಗರ್ ತೀರ ಇಳಿದರೆ ಪರೀಕ್ಷೆ ಅಲ್ಲಿಗೆ ನಿಲ್ಲಿಸಿ ಸಕ್ಕರೆ ಬಾಯಿಗೆ ಹಾಕಿಕೊಳ್ಳಲೇಬೇಕು. ಹಲವರಲ್ಲಿ ನಸುಕಿನ ಮೂರು ನಾಲ್ಕು ಗಂಟೆಯ ಹೊತ್ತಿಗೆ ಏರಿಕೆ ಕಾಣುತ್ತದೆ. ಬೆಳವಣಿಗೆಯ ಹಾರ್ಮೋನ್ ಮತ್ತು ಕಾರ್ಟಿಸಾಲ್ ಆಗ ಹೆಚ್ಚಿ ಯಕೃತ್ತು ಸಕ್ಕರೆ ಬಿಡುವುದೇ ಇದಕ್ಕೆ ಕಾರಣ. ನಾಲ್ಕಕ್ಕೆ ಏರುತ್ತದೆಂದು ನಾಲ್ಕಕ್ಕೇ ಬೇಸಲ್ ಹೆಚ್ಚಿಸಿದರೆ ಪ್ರಯೋಜನವಿಲ್ಲ. ಇನ್ಸುಲಿನ್ ಚರ್ಮದಡಿಯಿಂದ ರಕ್ತಕ್ಕೆ ಸೇರಿ ಕೆಲಸ ಮಾಡಲು ಸಮಯ ಹಿಡಿಯುವುದರಿಂದ ಎರಡು ಗಂಟೆಗೇ ಹೆಚ್ಚಿಸಬೇಕು. ಒಂದು ಸಲಕ್ಕೆ ಒಂದೇ ಅಂಕಿ, ಅದೂ ಶೇಕಡ 10ರಷ್ಟು ಮಾತ್ರ ಬದಲಿಸಿ ಎರಡು ಮೂರು ದಿನ ನೋಡುವುದು ಒಳ್ಳೆಯದು. ಬೇಸಲ್, ಕಾರ್ಬ್ ಲೆಕ್ಕ ಎರಡನ್ನೂ ಒಂದೇ ದಿನ ತಿದ್ದಿದರೆ ಯಾವುದರಿಂದ ಏನಾಯಿತೆಂದು ವೈದ್ಯರಿಗೂ ತಿಳಿಯದು.

ಊಟದ ವಿಷಯಕ್ಕೆ ಬಂದರೆ, ಪಂಪಿನ ಅತ್ಯಂತ ಉಪಕಾರಿ ಗುಣ ಅದರ ನೆನಪು ಎಂದು ನನ್ನ ಅಭಿಪ್ರಾಯ. ಊಟದಲ್ಲಿ 68 ಗ್ರಾಂ ಕಾರ್ಬ್ ಇದೆ ಅನ್ನಿ, 4 ಯೂನಿಟ್ ಬೇಕು. ಶುಗರ್ 210, ಗುರಿ 120. ಹೆಚ್ಚಿನ 90 ಅಂಕ ಇಳಿಸಲು 1.5. ಆದರೆ ಬೆಳಗಿನ ಬೋಲಸ್‌ನಲ್ಲಿ ಇನ್ನೂ 1 ಯೂನಿಟ್ ಮೈಯಲ್ಲಿ ಕೆಲಸ ಮಾಡುತ್ತಿದೆ. ಅದನ್ನು ಕಳೆದು ಪಂಪ್ 4.5 ಯೂನಿಟ್ ಸೂಚಿಸುತ್ತದೆ. ಶುಗರ್ ಇಳಿಯಲಿಲ್ಲವೆಂದು ಗಂಟೆಗೊಮ್ಮೆ ಮೇಲಿಂದ ಮೇಲೆ ಇನ್ಸುಲಿನ್ ಹಾಕಿ ಕೊನೆಗೆ ಬೆವರಿ ನಡುಗುವ ಸ್ಥಿತಿಗೆ ಬರುವುದನ್ನು ಈ ಕಳೆಯುವ ಲೆಕ್ಕ ಎಷ್ಟೋ ಮಟ್ಟಿಗೆ ತಪ್ಪಿಸುತ್ತದೆ. 68 ಗ್ರಾಂ ಎಂದು ಹೇಳಬೇಕಾದವರು ಮಾತ್ರ ನಾವೇ. ಮುದ್ದೆಯನ್ನು ತೂಗುವುದಕ್ಕಿಂತ ಹಿಟ್ಟನ್ನು ತೂಗುವುದು ಮೇಲು, ಏಕೆಂದರೆ ನೀರಿನ ಪ್ರಮಾಣ ದಿನಕ್ಕೊಂದು ತರ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 70 ಗ್ರಾಂ ಕಾರ್ಬ್ ಇರುತ್ತದೆ. ತುಪ್ಪ ಸುರಿದ ಹೋಳಿಗೆಯದು ಬೇರೆ ದಾರಿ: ಕೊಬ್ಬು ಜೀರ್ಣವನ್ನು ನಿಧಾನಿಸುವುದರಿಂದ ಶುಗರ್ ಮೂರು ನಾಲ್ಕು ಗಂಟೆಯ ನಂತರವೂ ಏರಬಹುದು. ಬೋಲಸ್‌ನ ಒಂದು ಭಾಗ ಈಗ, ಉಳಿದದ್ದು ಎರಡು ಗಂಟೆಯಲ್ಲಿ ಮೆಲ್ಲಗೆ ಎಂದು ಪಂಪಿಗೆ ಹೇಳಬಹುದು. ಸೂಜಿಯಲ್ಲಿ ಈ ಸೌಲಭ್ಯವಿಲ್ಲ.

ಪಂಪಿನಿಂದ ಚರ್ಮದಡಿಗೆ ಇನ್ಸುಲಿನ್ ಒಯ್ಯುವ ಟ್ಯೂಬಿನ ಸೆಟ್ಟನ್ನು ಎರಡು ಮೂರು ದಿನಕ್ಕೊಮ್ಮೆ ಬದಲಿಸುವುದು ಮೊದಮೊದಲು ಅರ್ಧ ಗಂಟೆಯ ಕೆಲಸ. ಫ್ರಿಜ್ಜಿನಿಂದ ತೆಗೆದ ಇನ್ಸುಲಿನ್ನನ್ನು ಕೂಡಲೇ ತುಂಬಬಾರದು. ತಣ್ಣನೆಯದು ಆಮೇಲೆ ಬೆಚ್ಚಗಾಗುತ್ತ ಗಾಳಿಗುಳ್ಳೆ ಬಿಡುತ್ತದೆ. ತುಂಬಿದ ಮೇಲೆ ಇನ್ಸುಲಿನ್ ಹಿಡಿದಿಡುವ ರಿಸರ್ವಾಯರನ್ನು ನೆಟ್ಟಗೆ ಹಿಡಿದು ಉಗುರಿನಿಂದ ಮೆಲ್ಲಗೆ ತಟ್ಟಿದರೆ ಗುಳ್ಳೆಗಳು ಮೇಲೇರುತ್ತವೆ. ಅವನ್ನು ಹೊರಗೆ ದೂಡಿ, ಟ್ಯೂಬಿನ ತುದಿಯಲ್ಲಿ ಇನ್ಸುಲಿನ್ ಹನಿ ಕಾಣುವವರೆಗೆ ಬಿಡಬೇಕು. ಟ್ಯೂಬಿನಲ್ಲಿ ಒಂದು ಇಂಚು ಉದ್ದದ ಗುಳ್ಳೆ ಉಳಿದರೆ ಸುಮಾರು ಅರ್ಧ ಯೂನಿಟ್ ಖೋತಾ. ದೊಡ್ಡವರು ತಡೆದುಕೊಂಡಾರು, ಪುಟ್ಟ ಮಗುವಿಗೆ ಅದು ಹೆಚ್ಚೇ ಆಯಿತು. ಚುಚ್ಚುವ ಜಾಗವನ್ನೂ ಪ್ರತಿಸಲ ಬದಲಿಸಬೇಕು. ಒಂದೇ ಕಡೆ ಚುಚ್ಚಿದರೆ ಚರ್ಮದಡಿ ಗಂಟು ಕಟ್ಟಿ ದೇಹ ಇನ್ಸುಲಿನ್ನನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ.

ಸೆಟ್ಟನ್ನು ಮಲಗುವ ಮುಂಚೆ ಬದಲಿಸಬೇಡಿ. ಒಳಗಿನ ಮೃದು ಕೊಳವೆ ಮಡಚಿಕೊಂಡಿದ್ದರೆ ಇನ್ಸುಲಿನ್ ಹೋಗುವುದೇ ಇಲ್ಲ. ಪಂಪ್ ಕೂಗುವ ಹೊತ್ತಿಗೆ ಕೆಲವೊಮ್ಮೆ ತಡವಾಗಿರುತ್ತದೆ. ಮೈಯಲ್ಲಿ ಬೇರೆ ದಾಸ್ತಾನು ಇಲ್ಲದ ಕಾರಣ ಕೆಲವೇ ಗಂಟೆಗಳಲ್ಲಿ ರಕ್ತದಲ್ಲಿ ಕೀಟೋನ್ ಎಂಬ ಅಪಾಯಕಾರಿ ಆಮ್ಲ ಏರತೊಡಗುತ್ತದೆ. ಕಾರಣವಿಲ್ಲದೆ ಶುಗರ್ 250 ದಾಟಿ, ಪಂಪಿನಿಂದ ಕೊಟ್ಟ ಡೋಸಿಗೂ ಇಳಿಯದಿದ್ದರೆ ಪಂಪನ್ನು ನಂಬಿ ಕೂರಬಾರದು. ಕೀಟೋನ್ ಪರೀಕ್ಷಿಸಿ, ಪೆನ್ನಿನಿಂದ ಇನ್ಸುಲಿನ್ ಚುಚ್ಚಿ, ಸೆಟ್ ಬದಲಿಸಬೇಕು. ವಾಂತಿ, ಹೊಟ್ಟೆನೋವು ಇದ್ದರೆ ನೇರ ಆಸ್ಪತ್ರೆಗೆ.

ನಮ್ಮ ದೇಶದಲ್ಲಿ ಇನ್ನೊಂದು ಎಚ್ಚರ ಬೇಕು. ಇಲ್ಲಿ ಮಿಲಿಲೀಟರಿಗೆ 40 ಯೂನಿಟ್‌ನ ಬಾಟಲಿಗಳೂ ಮಾರಾಟಕ್ಕಿವೆ. ಪಂಪಿನ ಲೆಕ್ಕವೆಲ್ಲ 100 ಯೂನಿಟ್‌ನದು. ಅವಸರದಲ್ಲಿ ಆ ಬಾಟಲಿ ತುಂಬಿದರೆ ದೇಹಕ್ಕೆ ಸೇರುವುದು ಬೇಕಾದುದರ ಶೇಕಡ 40 ಮಾತ್ರ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮೈಗೆ ಅಂಟಿಕೊಂಡ ಇನ್ಸುಲಿನ್ ಬಿಸಿಯಾಗಿ ಶಕ್ತಿ ಕಳೆದುಕೊಳ್ಳುತ್ತದೆ. ಬಿಸಿಲಿಗೆ ಹೋಗುವ ದಿನ ಪಂಪ್ ಬಟ್ಟೆಯ ಒಳಗಿರಲಿ, ರಿಸರ್ವಾಯರನ್ನು ಬೇಗ ಬದಲಿಸಿ.

ಶುಗರ್ ಅಳೆಯುವ ಸೆನ್ಸರ್ ಜೊತೆ ಸೇರಿ ಬೇಸಲ್ಲನ್ನು ತಾನೇ ಏರಿಸಿ ಇಳಿಸುವ ಮೊದಲ ಪಂಪಿಗೆ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 2016ರಲ್ಲಿ. ಈಗ ಅಂಥವು ನಮ್ಮಲ್ಲೂ ಇವೆ, ಹಲವರ ರಾತ್ರಿಯ ನಿದ್ದೆ ಮರಳಿಸಿವೆ. ಅವಕ್ಕೂ ಊಟದ ಸುದ್ದಿ ಮೊದಲೇ ಹೇಳಬೇಕು. ಸೆನ್ಸರ್ ಓದುವುದು ರಕ್ತವನ್ನಲ್ಲ, ಕೋಶಗಳ ನಡುವಿನ ದ್ರವವನ್ನು. ಹಾಗಾಗಿ ಅದು ಕೆಲವು ನಿಮಿಷ ಹಿಂದಿರುತ್ತದೆ.

ಪಂಪ್ ಯಂತ್ರವಾದ್ದರಿಂದ ಒಂದು ದಿನ ಕೆಡುತ್ತದೆ, ಅದರೊಡನೆ ವಾರಗಟ್ಟಲೆ ಕೂತು ಹೊಂದಿಸಿದ ಅಂಕಿಗಳೂ ಹೋಗುತ್ತವೆ. ಗಂಟೆವಾರು ಬೇಸಲ್, ಕಾರ್ಬ್ ಅನುಪಾತ, ತಿದ್ದುಪಡಿಯ ಅಂಕಿ, ಪಂಪ್ ಇಲ್ಲದಾಗ ಹಾಕಬೇಕಾದ ದೀರ್ಘಕಾಲದ ಇನ್ಸುಲಿನ್ನಿನ ಡೋಸು, ಇವಿಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಪೆನ್ನು ಸೂಜಿಗಳ ಜೊತೆ ಫ್ರಿಜ್ಜಿನ ಬಾಗಿಲಲ್ಲಿಡಿ. ಅಂಕಿ ಬದಲಾದಾಗಲೆಲ್ಲ ಹಾಳೆಯನ್ನೂ ತಿದ್ದಿ, ತಾರೀಖು ಹಾಕಿ.