ಆಕ್ಸಲ್ ಬೂಟ್

ಆಕ್ಸಲ್ ಬೂಟ್ ಎಂಬುದು ಕಾರಿನ ಡ್ರೈವ್ ಶಾಫ್ಟಿನ ಸಿ.ವಿ. ಜಾಯಿಂಟನ್ನು ಮುಚ್ಚುವ, ಮಡಿಕೆಗಳುಳ್ಳ ರಬ್ಬರ್ ಅಥವಾ ಪ್ಲಾಸ್ಟಿಕ್ ಕವಚ. ಒಳಗಿನ ಗ್ರೀಸನ್ನು ಹಿಡಿದಿಟ್ಟು, ಧೂಳು ಮತ್ತು ನೀರನ್ನು ತಡೆಯುವುದು ಇದರ ಕೆಲಸ. ಭಾರತದಲ್ಲಿ 1983ರಲ್ಲಿ ಬಂದ ಮಾರುತಿ 800ರ ನಂತರ ಮುಂದಿನ ಚಕ್ರಗಳಿಂದ ಚಲಿಸುವ ಕಾರುಗಳು ವ್ಯಾಪಕವಾದವು. ಹಿಂದಿನ ಚಕ್ರಗಳಿಂದ ಚಲಿಸುವ ಅಂಬಾಸಿಡರಿನಲ್ಲಿ ಈ ಬೂಟ್ ಇರಲಿಲ್ಲ.

ಹರಿಯುವಿಕೆ

ರಬ್ಬರ್ ಹಳತಾಗಿ ಬಿರುಕು ಬಿಡುವುದು, ಕಲ್ಲು ತಗಲುವುದು, ಕ್ಲಾಂಪ್ ಸಡಿಲಗೊಳ್ಳುವುದು ಸಾಮಾನ್ಯ ಕಾರಣಗಳು. ಬೀದರ್ ನಗರವು ಜಂಬಿಟ್ಟಿಗೆಯ ಪ್ರಸ್ಥಭೂಮಿಯ ಮೇಲಿರುವುದರಿಂದ ಅಲ್ಲಿನ ಕೆಂಪು ಧೂಳು ಹರಿದ ಬೂಟಿನೊಳಗೆ ಸೇರಿ ಗ್ರೀಸನ್ನು ಉಜ್ಜುಕಾಗದದಂತೆ ಮಾಡುತ್ತದೆ. ಭಾಲ್ಕಿ ಮತ್ತು ಔರಾದ್ ಕಡೆಯ ಎರೆಮಣ್ಣು ಮಳೆಗಾಲದಲ್ಲಿ ಚಕ್ರದ ಒಳಬದಿಗೆ ಮೆತ್ತಿಕೊಳ್ಳುವುದರಿಂದ ಸೀಳು ಕಣ್ಣಿಗೆ ಬೀಳುವುದೇ ಇಲ್ಲ, ತೊಳೆದು ನೋಡಬೇಕು. ಚಕ್ರದ ಒಳಬದಿಗೆ ಗ್ರೀಸ್ ಸಿಡಿದಿರುವುದು ಮೊದಲ ಸೂಚನೆ. ತಿರುವಿನಲ್ಲಿ ಕಟಕಟ ಸದ್ದು ಕೇಳಿಸಿದರೆ ಜಾಯಿಂಟ್ ಆಗಲೇ ಸವೆದಿದೆ ಎಂದರ್ಥ. ಹಾಗೆಯೇ ಓಡಿಸಿದರೆ ಕೊನೆಗೆ ಜಾಯಿಂಟ್ ಮುರಿದು, ಎಂಜಿನ್ ಓಡುತ್ತಿದ್ದರೂ ಕಾರು ಚಲಿಸದೆ ನಿಲ್ಲಬಹುದು.

ದುರಸ್ತಿ

ಸದ್ದು ಬರುವ ಮೊದಲೇ ಪತ್ತೆಯಾದರೆ ಬೂಟ್ ಬದಲಿಸಿದರೆ ಸಾಕು. ಕಾರನ್ನು ಜಾಕಿನ ಮೇಲಷ್ಟೇ ನಿಲ್ಲಿಸದೆ ಸ್ಟ್ಯಾಂಡಿನ ಆಧಾರ ಕೊಟ್ಟು ಶಾಫ್ಟನ್ನು ಹೊರತೆಗೆಯಲಾಗುತ್ತದೆ. ಹಳೆಯ ಗ್ರೀಸನ್ನು ಪೂರ್ತಿ ತೊಳೆದು, ಗುಂಡುಗಳಲ್ಲಿ ಗುಳಿ ಬಿದ್ದಿದೆಯೇ ಎಂದು ಪರೀಕ್ಷಿಸುವ ಹಂತವೇ ಮುಖ್ಯವಾದುದು. ಮರಳಿನ ಕಣ ಉಳಿದರೆ ಹೊಸ ಬೂಟ್ ವ್ಯರ್ಥ. ಬಳಿಕ ಸಿ.ವಿ. ಜಾಯಿಂಟಿಗೆಂದೇ ತಯಾರಾದ ಗ್ರೀಸ್ ತುಂಬಿ, ಹೊಸ ಕ್ಲಾಂಪುಗಳನ್ನು ಬಿಗಿಯಲಾಗುತ್ತದೆ. ಗುಳಿ ಬಿದ್ದಿದ್ದರೆ ಜಾಯಿಂಟನ್ನೇ ಬದಲಿಸಬೇಕು. ಅಂಟಿಸುವ ಸೀಳು ಬೂಟುಗಳು ತಾತ್ಕಾಲಿಕ ಉಪಾಯ ಮಾತ್ರ.