ನಿವೃತ್ತಿಯ ನಂತರ ಜೊತೆಯಾಗಿ ಪರದೇಶ ಸೇವೆಗೆ: ಪೀಸ್ ಕೋರ್ ದಂಪತಿಗಳ ತಯಾರಿ

ಸ್ವಯಂಸೇವಕರನ್ನು ಬೇರೆ ದೇಶಗಳಿಗೆ ಕಳಿಸುವ ಅಮೆರಿಕ ಸರ್ಕಾರದ ಸಂಸ್ಥೆ ಪೀಸ್ ಕೋರ್ ಸೇರಲು ಕನಿಷ್ಠ 18 ವರ್ಷ ಆಗಿರಬೇಕು. ಗರಿಷ್ಠ ವಯಸ್ಸು ಎಂಬುದಿಲ್ಲ. ಆದರೂ ಅದು ಕಾಲೇಜು ಮುಗಿಸಿದ ಹುಡುಗ ಹುಡುಗಿಯರ ಸಂಸ್ಥೆ ಎಂದೇ ಜನ ತಿಳಿದಿದ್ದಾರೆ. ಸೇರುವವರಲ್ಲಿ ಹೆಚ್ಚಿನವರು ಇಪ್ಪತ್ತರ ಹರೆಯದವರು ಎಂಬುದು ನಿಜ. ಆದರೆ ಅರವತ್ತು ದಾಟಿದ ಗಂಡ ಹೆಂಡತಿ ಒಟ್ಟಿಗೆ ಅರ್ಜಿ ಹಾಕಿ, ಮನೆಗೆ ಬೀಗ ಹಾಕಿ, ಕಂಡು ಕೇಳರಿಯದ ಊರಿನಲ್ಲಿ ಎರಡು ವರ್ಷ ಇದ್ದು ಕೆಲಸ ಮಾಡಿ ಬರುವುದೂ ಮೊದಲಿನಿಂದ ನಡೆದುಬಂದಿದೆ. ಅಮೆರಿಕದ ಪೌರತ್ವ ಪಡೆದ ಕನ್ನಡಿಗರಲ್ಲಿ ಒಂದು ತಲೆಮಾರು ಈಗ ನಿವೃತ್ತಿಯ ಹೊಸ್ತಿಲಲ್ಲಿದೆ. ಅಲ್ಲೇ ಹುಟ್ಟಿದವರಿಗೆ ಇರುವ ಅರ್ಹತೆಯೇ ಆಮೇಲೆ ಪೌರತ್ವ ಪಡೆದವರಿಗೂ ಇದೆ. ಹಾಗಾಗಿ ಈ ಸೇವೆಗೆ ಹೊರಡುವ ದಾರಿ ಹೇಗಿರುತ್ತದೆ ಎಂದು ತಿಳಿದಿರುವುದು ಒಳ್ಳೆಯದು.

ಅಧ್ಯಕ್ಷ ಜಾನ್ ಎಫ್. ಕೆನಡಿ 1961ರ ಮಾರ್ಚ್ 1ರಂದು ಆದೇಶ ಹೊರಡಿಸಿ ಪೀಸ್ ಕೋರ್ ಸ್ಥಾಪಿಸಿದರು. ಅದೇ ವರ್ಷ ಆಗಸ್ಟ್ ಕೊನೆಯಲ್ಲಿ ಮೊದಲ ತಂಡ ಘಾನಾಕ್ಕೆ ಹೋಗಿ ಇಳಿಯಿತು. ಭಾರತಕ್ಕೂ 1961ರಿಂದ ಎಪ್ಪತ್ತರ ದಶಕದ ನಡುವಿನವರೆಗೆ ಸ್ವಯಂಸೇವಕರು ಬರುತ್ತಿದ್ದರು. ಆಗಿನ ಮೈಸೂರು ರಾಜ್ಯದ ಊರುಗಳಲ್ಲಿ ಕನ್ನಡ ಕಲಿತು ಕೆಲಸ ಮಾಡಿದವರೂ ಅವರಲ್ಲಿದ್ದರು. ವಯಸ್ಸಾದವರಲ್ಲಿ ಬಹಳ ಹೆಸರು ಮಾಡಿದವರು ಲಿಲಿಯನ್ ಕಾರ್ಟರ್. ನರ್ಸ್ ಆಗಿದ್ದ ಆಕೆ 1966ರಲ್ಲಿ, ತಮ್ಮ 68ನೆಯ ವಯಸ್ಸಿನಲ್ಲಿ, ಮುಂಬಯಿಯ ವಿಕ್ರೋಲಿಗೆ ಬಂದು ರೋಗಿಗಳ ಆರೈಕೆ ಮಾಡಿದರು. ಅವರ ಮಗ ಜಿಮ್ಮಿ ಕಾರ್ಟರ್ ಅಧ್ಯಕ್ಷರಾದದ್ದು ಅದಾಗಿ ಹತ್ತು ವರ್ಷಕ್ಕೆ. ಲಿಲಿಯನ್ ವಿಧವೆ, ಒಬ್ಬರೇ ಬಂದಿದ್ದರು. ದಂಪತಿ ಹೊರಡುವಾಗಿನ ಲೆಕ್ಕಾಚಾರ ಬೇರೆ.

ದಂಪತಿ ಮೊದಲು ಅರ್ಥ ಮಾಡಿಕೊಳ್ಳಬೇಕಾದ ಮಾತು ಒಂದಿದೆ. ಪೀಸ್ ಕೋರ್ ಗಂಡ ಹೆಂಡತಿಯನ್ನು ಒಂದು ಘಟಕವೆಂದು ಆರಿಸಿಕೊಳ್ಳುವುದಿಲ್ಲ. ಇಬ್ಬರು ಸ್ವಯಂಸೇವಕರನ್ನು ಆರಿಸಿಕೊಳ್ಳುತ್ತದೆ, ಆ ಇಬ್ಬರು ಒಂದೇ ಮನೆಯಲ್ಲಿರುತ್ತಾರೆ, ಅಷ್ಟೇ. ಒಬ್ಬರು ಕೆಲಸಕ್ಕೆ, ಇನ್ನೊಬ್ಬರು ಜೊತೆಗೆ ಎಂಬ ಏರ್ಪಾಟಿಗೆ ಅಲ್ಲಿ ಜಾಗವಿಲ್ಲ. ಅರ್ಜಿ ಇಬ್ಬರದು, ಸಂದರ್ಶನ ಇಬ್ಬರದು, ವೈದ್ಯಕೀಯ ತಪಾಸಣೆ ಇಬ್ಬರದು, ಹಿನ್ನೆಲೆ ಪರಿಶೀಲನೆಗೆ ಬೆರಳಚ್ಚು ಕೊಡುವುದೂ ಇಬ್ಬರೂ. ಕೆಲಸವೂ ಇಬ್ಬರಿಗೂ ಬೇರೆ ಬೇರೆ. ಕೃಷಿ, ಪರಿಸರ, ಆರೋಗ್ಯ, ಶಿಕ್ಷಣ, ಯುವಜನರ ಬೆಳವಣಿಗೆ, ಸಮುದಾಯದ ಆರ್ಥಿಕ ಅಭಿವೃದ್ಧಿ ಎಂಬ ಆರು ವಿಭಾಗಗಳಿವೆ. ಹೆಂಡತಿ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು, ಗಂಡ ಬ್ಯಾಂಕಿನಲ್ಲಿದ್ದವರು ಎಂದುಕೊಳ್ಳಿ. ಇವರಿಗೆ ಶಾಲೆಯೂ ಬೇಕು, ಲೆಕ್ಕಪತ್ರದ ನೆರವು ಬಯಸುವ ಒಂದು ಸಹಕಾರ ಸಂಘವೋ ಮಹಿಳಾ ಗುಂಪೋ ಕೂಡ ಬೇಕು, ಅದೂ ನಡೆದು ಹೋಗುವಷ್ಟು ಹತ್ತಿರ. ಇಂಥ ಊರನ್ನು ಹುಡುಕುವುದು ಆ ದೇಶದ ಪೀಸ್ ಕೋರ್ ಕಚೇರಿಗೆ ಸುಲಭವಲ್ಲ. ಅದಕ್ಕೇ ದಂಪತಿಗೆ ಸಿಗುವ ದೇಶಗಳು ಕಡಿಮೆ, ಕಾಯುವ ಕಾಲ ಹೆಚ್ಚು. ಇಂಥದೇ ದೇಶ ಬೇಕು ಎಂದು ಪಟ್ಟು ಹಿಡಿಯದೆ, ಎಲ್ಲಿಗಾದರೂ ಸರಿ ಎನ್ನುವವರಿಗೆ ಅವಕಾಶ ಬೇಗ ಒದಗುತ್ತದೆ.

ಸೇವೆಯ ಅವಧಿ 27 ತಿಂಗಳು. ಮೊದಲ ಮೂರು ತಿಂಗಳು ತರಬೇತಿ, ಉಳಿದ ಎರಡು ವರ್ಷ ಕೆಲಸ. ಅರ್ಜಿಗೆ ಶುಲ್ಕವಿಲ್ಲ. ಹೋಗಿಬರುವ ವಿಮಾನದ ಖರ್ಚು, ವಸತಿ, ಅಲ್ಲಿನ ವೈದ್ಯಕೀಯ ಆರೈಕೆ ಸಂಸ್ಥೆಯದು. ಸಂಬಳ ಇಲ್ಲ. ಊರಿನವರ ಮಟ್ಟದಲ್ಲಿ ಬದುಕಲು ಸಾಕಾಗುವಷ್ಟು ಭತ್ಯೆಯನ್ನು ಆ ದೇಶದ ಹಣದಲ್ಲಿ ಕೊಡುತ್ತಾರೆ. ಎರಡು ವರ್ಷ ಪೂರೈಸಿ ಮರಳುವಾಗ ಒಬ್ಬೊಬ್ಬರಿಗೂ, ತೆರಿಗೆಗೆ ಮೊದಲು, 10,000 ಡಾಲರಿಗಿಂತ ಹೆಚ್ಚಿನ ಮೊತ್ತ ಸಿಗುತ್ತದೆ. ಮರಳಿ ಬದುಕು ಕಟ್ಟಿಕೊಳ್ಳಲಿ ಎಂದು ಕೊಡುವ ಹಣ ಅದು. ತಿಂಗಳಿಗೆ ಎರಡು ದಿನದಂತೆ ರಜೆ ಸೇರುತ್ತಾ ಹೋಗುತ್ತದೆ. ಆದರೆ ಸೇವೆಯ ಮೊದಲ ಮೂರು ತಿಂಗಳು ಮತ್ತು ಕೊನೆಯ ಮೂರು ತಿಂಗಳಲ್ಲಿ ಅದನ್ನು ಬಳಸಲು ಸಾಮಾನ್ಯವಾಗಿ ಬಿಡುವುದಿಲ್ಲ.

ಹಿರಿಯರು ಹೆಚ್ಚಾಗಿ ತಡೆದು ನಿಲ್ಲುವುದು ವೈದ್ಯಕೀಯ ಹಂತದಲ್ಲಿ. ಇದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಇಪ್ಪತ್ತೈದರ ಹುಡುಗನ ಆರೋಗ್ಯದ ಕಡತ ನಾಲ್ಕು ಹಾಳೆಯಲ್ಲಿ ಮುಗಿಯಬಹುದು. ಅರವತ್ತೈದರ ದಂಪತಿಗೆ ಹಳೆಯ ಶಸ್ತ್ರಚಿಕಿತ್ಸೆಗಳ ವರದಿ, ಬಿಪಿ, ಶುಗರ್, ಥೈರಾಯ್ಡ್ ದಾಖಲೆ, ಹೃದಯ ವೈದ್ಯರ ಪತ್ರ, ಕಣ್ಣು ಹಲ್ಲಿನ ತಪಾಸಣೆ, ವಯಸ್ಸಿಗೆ ತಕ್ಕ ಕ್ಯಾನ್ಸರ್ ಪರೀಕ್ಷೆಗಳು ಎಲ್ಲ ಬೇಕಾಗುತ್ತವೆ. ಬಿಪಿ ಇದೆ ಅಥವಾ ಮಾತ್ರೆ ನುಂಗುತ್ತಾರೆ ಎಂಬ ಒಂದೇ ಕಾರಣಕ್ಕೆ ಯಾರನ್ನೂ ಬೇಡ ಎನ್ನುವುದಿಲ್ಲ. ಕಾಯಿಲೆ ಹತೋಟಿಯಲ್ಲಿದೆಯೇ, ಹೋಗುವ ದೇಶದಲ್ಲಿ ಅದನ್ನು ನೋಡಿಕೊಳ್ಳುವ ವೈದ್ಯರು ಸಿಗುತ್ತಾರೆಯೇ, ಅಲ್ಲಿ ತೆಗೆದುಕೊಳ್ಳಬೇಕಾದ ಮಲೇರಿಯಾ ಮಾತ್ರೆ ಈಗಿನ ಔಷಧಿಯೊಡನೆ ಹೊಂದುತ್ತದೆಯೇ ಎಂದು ನೋಡುತ್ತಾರೆ. ಒಂದು ದೇಶಕ್ಕೆ ಆಗದವರು ಇನ್ನೊಂದು ದೇಶಕ್ಕೆ ಆಗಬಹುದು. ತಪಾಸಣೆಯ ಖರ್ಚಿನಲ್ಲಿ ಒಂದು ಪಾಲನ್ನು ಮಾತ್ರ ಮರಳಿಸುತ್ತಾರೆ, ಉಳಿದದ್ದು ಕೈಯಿಂದಲೇ. ಹಾಗಾಗಿ ಅರ್ಜಿಗೆ ಮುಂಚೆಯೇ ನಿಮ್ಮ ವೈದ್ಯರನ್ನು ಕಂಡು ಹಳೆಯ ದಾಖಲೆಗಳನ್ನು ಒಂದೆಡೆ ಸೇರಿಸಿಕೊಳ್ಳಿ. ಹಲ್ಲಿನ ಕೆಲಸವನ್ನು ಮುಂದೂಡಲೇಬೇಡಿ. ಬಾಕಿ ಉಳಿದ ಒಂದು ಹಲ್ಲಿನಿಂದ ಇಡೀ ಅನುಮತಿ ತಿಂಗಳುಗಟ್ಟಲೆ ನಿಲ್ಲಬಹುದು. ಹೊರಡುವಾಗ ಮೂರು ತಿಂಗಳಿಗಾಗುವಷ್ಟು ಮಾತ್ರೆ, ಎರಡು ಜೊತೆ ಕನ್ನಡಕ ಜೊತೆಗಿರಲಿ. ಆಮೇಲಿನ ಔಷಧಿಯನ್ನು ಆ ದೇಶದಲ್ಲಿರುವ ಪೀಸ್ ಕೋರ್ ವೈದ್ಯಾಧಿಕಾರಿಯೇ ಒದಗಿಸುತ್ತಾರೆ.

ಇಬ್ಬರಲ್ಲಿ ಒಬ್ಬರಿಗೆ ಅನುಮತಿ ಸಿಕ್ಕಿ ಇನ್ನೊಬ್ಬರಿಗೆ ಸಿಗದಿದ್ದರೆ? ಜೊತೆಯಾಗಿ ಹೋಗುವ ಯೋಜನೆ ಅಲ್ಲಿಗೆ ನಿಂತಿತು. ಮದುವೆಯಾದವರು ಒಬ್ಬರೇ ಹೋಗಲು ಅವಕಾಶ ಇದೆ, ಹಾಗೆ ಹೋದವರೂ ಇದ್ದಾರೆ. ಸೇವೆಯ ನಡುವೆ ಒಬ್ಬರಿಗೆ ಕಾಯಿಲೆಯಾದರೆ ಚಿಕಿತ್ಸೆಗೆ ಬೇರೆ ದೇಶಕ್ಕೋ ಅಮೆರಿಕಕ್ಕೋ ಕಳಿಸುತ್ತಾರೆ. 45 ದಿನದೊಳಗೆ ಮರಳುವ ಸ್ಥಿತಿಗೆ ಬರದಿದ್ದರೆ ಅವರ ಸೇವೆ ಅಲ್ಲಿಗೆ ಮುಗಿಯಿತು. ಆಗ ಇನ್ನೊಬ್ಬರು ಉಳಿಯಬೇಕೇ, ಹಿಂದಿರುಗಬೇಕೇ? ಈ ಮಾತನ್ನು ಅಮೆರಿಕದ ಮನೆಯಲ್ಲಿ ಕೂತು, ಆರೋಗ್ಯವಾಗಿರುವಾಗಲೇ ಆಡಿ ಮುಗಿಸಿಕೊಳ್ಳುವುದು ಒಳ್ಳೆಯದು.

ಹಣಕಾಸಿನ ಬಗ್ಗೆ ಹೆದರುವ ಕಾರಣ ಕಡಿಮೆ. ಪಿಂಚಣಿ ಬರುತ್ತಲೇ ಇರುತ್ತದೆ, ಸೋಷಿಯಲ್ ಸೆಕ್ಯುರಿಟಿ ನಿಲ್ಲುವುದಿಲ್ಲ. ಹಲವರಿಗೆ ತಿಳಿಯದಿರುವುದು ಹಿರಿಯರ ಸರ್ಕಾರಿ ಆರೋಗ್ಯ ವಿಮೆಯಾದ ಮೆಡಿಕೇರ್ ವಿಷಯ. ಮೆಡಿಕೇರ್ ಸಾಮಾನ್ಯವಾಗಿ ಅಮೆರಿಕದ ಹೊರಗೆ ಕೆಲಸಕ್ಕೆ ಬರುವುದಿಲ್ಲ. ಆದರೆ ಅದರ ಪಾರ್ಟ್ ಬಿಗೆ ಪ್ರತಿ ತಿಂಗಳು ಕಂತು ಕಟ್ಟಬೇಕು. ವಿದೇಶದಲ್ಲಿ 12 ತಿಂಗಳಾದರೂ ಸ್ವಯಂಸೇವೆ ಮಾಡುವವರು, ಅಲ್ಲಿ ಆರೋಗ್ಯ ರಕ್ಷಣೆ ಇದ್ದರೆ, ಪಾರ್ಟ್ ಬಿ ಬಿಟ್ಟು ಹೋಗಿ, ಮರಳಿದ ಮೇಲೆ 6 ತಿಂಗಳ ವಿಶೇಷ ಅವಧಿಯಲ್ಲಿ ತಡವಾದುದಕ್ಕೆ ದಂಡವಿಲ್ಲದೆ ಮತ್ತೆ ಸೇರಬಹುದು. ಸೇವೆಯ ದಾಖಲೆ ಪತ್ರಗಳನ್ನು ಜೋಪಾನವಾಗಿಟ್ಟುಕೊಳ್ಳಿ, ಆ ಅರ್ಜಿಗೆ ಬೇಕಾಗುತ್ತವೆ. ಉಯಿಲು, ಮಗನಿಗೋ ಮಗಳಿಗೋ ಪವರ್ ಆಫ್ ಅಟಾರ್ನಿ, ಬ್ಯಾಂಕಿನ ಸಹಿ, ತೆರಿಗೆ ಯಾರು ತುಂಬುತ್ತಾರೆ, ಟಪಾಲು ಯಾರ ವಿಳಾಸಕ್ಕೆ ಹೋಗಬೇಕು ಎಂಬುದನ್ನೆಲ್ಲ ಹೊರಡುವ ಮುಂಚೆ ಇತ್ಯರ್ಥ ಮಾಡಿ. ಮನೆಯನ್ನು ಖಾಲಿ ಬಿಡುವುದಕ್ಕಿಂತ ಬಾಡಿಗೆಗೆ ಕೊಡುವುದು ಮೇಲು. ಸಾಮಾನು ಇಡಲು ಸಂಸ್ಥೆ ಜಾಗ ಕೊಡುವುದಿಲ್ಲ.

ಇನ್ನು ಮನೆಯವರು. ನಮ್ಮ ಕುಟುಂಬಗಳಲ್ಲಿ ಇದೇ ದೊಡ್ಡ ಪ್ರಶ್ನೆ ಎಂದು ನನಗನ್ನಿಸುತ್ತದೆ. ಬೆಂಗಳೂರಿನಲ್ಲೋ ಶಿವಮೊಗ್ಗದಲ್ಲೋ ತೊಂಬತ್ತರ ಅಮ್ಮ ಇದ್ದಾರೆ. ಅಮೆರಿಕದಲ್ಲಿ ಮಗಳು ಎರಡನೆಯ ಬಸುರಿ, ಬಾಣಂತನಕ್ಕೆ ಅಮ್ಮ ಬರುತ್ತಾಳೆಂದು ಕಾದಿದ್ದಾಳೆ. ಹತ್ತಿರದ ಬಂಧುವಿನ ಸಾವು ಅಥವಾ ಪ್ರಾಣಾಪಾಯದ ಕಾಯಿಲೆ ಎದುರಾದರೆ ತುರ್ತು ರಜೆಯೂ ಪ್ರಯಾಣದ ವೆಚ್ಚವೂ ಸಿಗುತ್ತದೆ. ಬಾಣಂತನಕ್ಕೆ, ನಾಮಕರಣಕ್ಕೆ ಸಿಗುವುದಿಲ್ಲ. ಸೇರಿಟ್ಟ ರಜೆ ಬಳಸಿ, ಸ್ವಂತ ಖರ್ಚಿನಲ್ಲಿ ಬರಬೇಕು. ಮಕ್ಕಳಿಗೆ ಇದನ್ನು ಮೊದಲೇ ಸ್ಪಷ್ಟವಾಗಿ ಹೇಳಬೇಕು. ಮಕ್ಕಳ ಮನಸ್ಸಿಗೆ ನೋವಾಗುತ್ತದೆಂದು ಅರ್ಧ ಹೇಳಿ ಹೊರಟರೆ ಅಲ್ಲಿ ಕೂತು ಪ್ರತಿದಿನ ಕೊರಗಬೇಕಾಗುತ್ತದೆ.

ಕರೆ ಬಂದಮೇಲೆ ಗಂಟುಮೂಟೆ. ಒಬ್ಬರಿಗೆ ಎರಡು ಚೀಲ, ಒಂದೊಂದು 50 ಪೌಂಡು, ಅಂದರೆ ಸುಮಾರು 23 ಕೆ.ಜಿ. ಅಮೆರಿಕದ ಒಂದು ನಗರದಲ್ಲಿ ತಂಡದವರೆಲ್ಲ ಸೇರಿ, ಚುಟುಕಾದ ಪೂರ್ವಸಿದ್ಧತೆ ಮುಗಿಸಿ ಒಟ್ಟಿಗೆ ವಿಮಾನ ಹತ್ತುತ್ತಾರೆ. ಸುತ್ತ ಇರುವವರಲ್ಲಿ ಹೆಚ್ಚಿನವರು ನಿಮ್ಮ ಮೊಮ್ಮಕ್ಕಳಿಗಿಂತ ತುಸು ದೊಡ್ಡವರು.

ಮೊದಲ ಮೂರು ತಿಂಗಳ ತರಬೇತಿಯೇ ಸೇವೆಯ ಅತಿ ಕಷ್ಟದ ಭಾಗ. ಪ್ರತಿಯೊಬ್ಬರೂ ಊರಿನ ಒಂದು ಕುಟುಂಬದ ಜೊತೆ ಇರುತ್ತಾರೆ. ಗಂಡ ಹೆಂಡತಿಗೆ ಸಾಮಾನ್ಯವಾಗಿ ಒಂದೇ ಮನೆ. ಆದರೆ ಇಬ್ಬರ ವಿಭಾಗ ಬೇರೆಯಾಗಿದ್ದು, ತರಬೇತಿಯ ಊರು ಬೇರೆಯಾದರೆ ಆ ತಿಂಗಳುಗಳಲ್ಲಿ ಬೇರೆ ಬೇರೆ ಇರಬೇಕಾಗಿ ಬರಬಹುದು. ನಲವತ್ತು ವರ್ಷ ಜೊತೆಗಿದ್ದವರಿಗೆ ಇದು ಸಣ್ಣ ಸಂಗತಿಯಲ್ಲ. ದಿನಕ್ಕೆ ಹಲವು ಗಂಟೆ ಭಾಷಾ ಪಾಠ, ಪುಸ್ತಕಕ್ಕಿಂತ ಹೆಚ್ಚಾಗಿ ಮಾತಿನ ಮೂಲಕ. ಕೊನೆಗೆ ಎದುರು ಕೂರಿಸಿ ಮಾತಾಡಿಸಿ ಮಟ್ಟ ಅಳೆಯುತ್ತಾರೆ. ಅರವತ್ತರ ನಂತರ ಹೊಸ ಪದ ನೆನಪಿನಲ್ಲಿ ನಿಲ್ಲುವುದು ನಿಧಾನ. ಪಕ್ಕದ ಹುಡುಗಿ ವಾರದಲ್ಲಿ ಕಲಿತದ್ದಕ್ಕೆ ನಿಮಗೆ ಮೂರು ವಾರ ಹಿಡಿಯಬಹುದು. ಕನ್ನಡಿಗರಿಗೆ ಇಲ್ಲೊಂದು ಅನುಕೂಲ ಇದೆ. ಬಾಲ್ಯದಿಂದ ಎರಡು ಮೂರು ಭಾಷೆಗಳ ನಡುವೆ ಓಡಾಡಿದ ನಾಲಿಗೆಗೆ ತಪ್ಪು ಮಾತಾಡುವ ಸಂಕೋಚ ಕಡಿಮೆ. ಗಂಡ ಹೆಂಡತಿ ಮನೆಗೆ ಬಂದು ತಮ್ಮ ಭಾಷೆಯಲ್ಲೇ ಮಾತಾಡಿಕೊಂಡರೆ ಕಲಿಕೆ ಹಿಂದೆ ಬೀಳುತ್ತದೆ. ರಾತ್ರಿ ಊಟದ ಹೊತ್ತಿಗೆ ಆತಿಥೇಯರ ಜೊತೆ ಕೂತು ಅವರ ಭಾಷೆಯಲ್ಲೇ ಮಾತಾಡುವ ಕಟ್ಟುಪಾಡು ಮಾಡಿಕೊಳ್ಳಿ.

ಊಟದ ಮಾತೂ ಹೇಳಬೇಕು. ಉದಾಹರಣೆಗೆ, ಸೆನೆಗಲ್‌ನಲ್ಲಿ ಮಧ್ಯಾಹ್ನದ ಊಟವೆಂದರೆ ಒಂದೇ ದೊಡ್ಡ ತಟ್ಟೆಯ ಸುತ್ತ ಮನೆಮಂದಿಯೆಲ್ಲ ಕೂತು ತಿನ್ನುವ ಮೀನು ಅನ್ನ. ಸಸ್ಯಾಹಾರಿಗಳು ಸೇವೆ ಮಾಡಬಹುದು, ಮಾಡಿದ್ದಾರೆ. ಆದರೆ ಕೆಲವು ದೇಶಗಳಲ್ಲಿ ಅದು ಬಹಳ ಕಷ್ಟ. ಅರ್ಜಿಯ ಹಂತದಲ್ಲೇ ಹೇಳಿ, ಆ ದೇಶದ ಮಾಹಿತಿ ಓದಿ ನಿರ್ಧರಿಸಿ. ಹಳ್ಳಿಯಲ್ಲಿ ಕಮೋಡ್ ಇರುವ ಖಾತರಿ ಇಲ್ಲ. ಮೊಣಕಾಲು ನೋವಿದ್ದವರು ಕುಕ್ಕರುಗಾಲಿನಲ್ಲಿ ಕೂರಲು ಆಗುತ್ತದೆಯೇ ಎಂದು ಮನೆಯಲ್ಲೇ ನೋಡಿಕೊಳ್ಳಿ. ಸ್ವಯಂಸೇವಕರು ಕಾರು ಓಡಿಸುವಂತಿಲ್ಲ. ನಡಿಗೆ, ಸೈಕಲ್ಲು, ಊರವರು ಹತ್ತುವ ವ್ಯಾನು, ಇಷ್ಟೇ ಓಡಾಟ. ಹೊರಡುವ ಆರು ತಿಂಗಳ ಮುಂಚಿನಿಂದ ಸಾಮಾನು ಹೊತ್ತು ನಡೆಯುವ ಅಭ್ಯಾಸ ಮಾಡಿದವರಿಗೆ ಅಲ್ಲಿ ಸುಲಭವಾಗುತ್ತದೆ.

ತರಬೇತಿ ಮುಗಿದ ಮೇಲೆ ಪ್ರಮಾಣವಚನ, ಬಹುಮಟ್ಟಿಗೆ ಅಮೆರಿಕದ ರಾಯಭಾರಿಯ ಸಮ್ಮುಖದಲ್ಲಿ. ಆವರೆಗೆ ನೀವು ತರಬೇತಿಯವರು, ಅಂದಿನಿಂದ ಸ್ವಯಂಸೇವಕರು. ನಂತರ ನಿಮ್ಮ ಊರು. ಅಲ್ಲಿ ಮೊದಲ ಕೆಲವು ತಿಂಗಳು ಏನನ್ನೂ ಬದಲಿಸಲು ಹೋಗಬಾರದು. ನೀರು ಎಲ್ಲಿಂದ ಬರುತ್ತದೆ, ಯಾರ ಮಾತು ನಡೆಯುತ್ತದೆ, ಹಿಂದೆ ಬಂದವರು ಏನು ಮಾಡಿ ಹೋದರು, ಅದರಲ್ಲಿ ಉಳಿದಿರುವುದೇನು ಎಂದು ಕೇಳುತ್ತಾ ಓಡಾಡುವುದೇ ಕೆಲಸ. ಮೂವತ್ತೈದು ವರ್ಷ ಇಲಾಖೆ ನಡೆಸಿದವರಿಗೆ ಸುಮ್ಮನೆ ಕೇಳಿಸಿಕೊಂಡು ಕೂರುವುದು ಕಷ್ಟ. ಆದರೂ ಇದೇ ಜಾಗದಲ್ಲಿ ಹಿರಿಯರು ಎಳೆಯರಿಗಿಂತ ಮುಂದೆ ಹೋಗಬಲ್ಲರು. ಬಹಳಷ್ಟು ಸಮಾಜಗಳಲ್ಲಿ ನರೆಗೂದಲಿಗೆ ಗೌರವವಿದೆ. ಇಪ್ಪತ್ತೆರಡರ ಹುಡುಗ ವರ್ಷವಿಡೀ ಓಡಾಡಿ ಗಳಿಸಬೇಕಾದ ವಿಶ್ವಾಸ ಅಜ್ಜ ಅಜ್ಜಿಗೆ ಮೊದಲ ವಾರದಲ್ಲೇ ಸಿಗಬಹುದು. ಗಂಡ ಹೆಂಡತಿ ಇಬ್ಬರೂ ಇರುವುದರಿಂದ ಊರಿನ ಗಂಡಸರ ಕಟ್ಟೆಗೂ ಹೆಂಗಸರ ಅಡುಗೆಮನೆಗೂ ಪ್ರವೇಶ ಇರುತ್ತದೆ. ನೀವು ಅಮೆರಿಕದವರಂತೆ ಕಾಣುವುದಿಲ್ಲವಲ್ಲ ಎಂದು ಭಾರತೀಯ ಮೂಲದವರನ್ನು ಊರವರು ಕೇಳಬಹುದು. ಬೇಸರಿಸದೆ ಉತ್ತರ ಹೇಳುವುದೂ ಸೇವೆಯ ಭಾಗವೇ. ಅಮೆರಿಕನ್ನರನ್ನು ಇತರ ದೇಶದವರು ಸರಿಯಾಗಿ ಅರಿಯಲಿ ಎಂಬುದು ಪೀಸ್ ಕೋರ್‌ನ ಮೂರು ಗುರಿಗಳಲ್ಲಿ ಒಂದು.

27 ತಿಂಗಳು ಬಹಳ ಎನ್ನುವವರಿಗೆ ಪೀಸ್ ಕೋರ್ ರೆಸ್ಪಾನ್ಸ್ ಎಂಬ ಇನ್ನೊಂದು ದಾರಿ ಇದೆ. ಅನುಭವಿಗಳಿಗೆಂದೇ ಇರುವ, ಒಂದು ವರ್ಷದೊಳಗೆ ಮುಗಿಯುವ ಕೆಲಸಗಳು ಅದರಲ್ಲಿವೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಪೀಸ್ ಕೋರ್ ತೆರೆದಿಲ್ಲ. ಅವರು 1970ರಲ್ಲಿ ಸ್ಥಾಪನೆಯಾದ, ಜರ್ಮನಿಯ ಬಾನ್‌ನಲ್ಲಿ ಕಚೇರಿ ಇರುವ ವಿಶ್ವಸಂಸ್ಥೆಯ ಸ್ವಯಂಸೇವಕ ಕಾರ್ಯಕ್ರಮವನ್ನು ನೋಡಬಹುದು. ಅಲ್ಲಿ ದೀರ್ಘ ವೃತ್ತಿ ಅನುಭವ ಇರುವವರಿಗೆ ಪ್ರತ್ಯೇಕ ವರ್ಗವಿದೆ, ಆದರೆ ಕೆಲಸ ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಸಿಗುತ್ತದೆ.

ಒಬ್ಬರ ಹಂಬಲಕ್ಕೆ ಇನ್ನೊಬ್ಬರು ತಲೆಯಾಡಿಸಿ ಹೊರಟ ಜೋಡಿಗೆ ಈ ಸೇವೆ ಒಗ್ಗುವುದಿಲ್ಲ. ಅರ್ಜಿಯಲ್ಲಿ ಏಕೆ ಹೋಗಬಯಸುತ್ತೀರಿ ಎಂದು ಇಬ್ಬರಿಂದಲೂ ಬೇರೆ ಬೇರೆಯಾಗಿ ಬರೆಸಿಕೊಳ್ಳುತ್ತಾರೆ. ಆ ಉತ್ತರವನ್ನು ಒಬ್ಬರು ಬರೆದು ಇನ್ನೊಬ್ಬರು ಸಹಿ ಹಾಕುವಂತಿದ್ದರೆ ಅರ್ಜಿಯನ್ನು ಇನ್ನೊಂದು ವರ್ಷ ಮುಂದೂಡಿ.