ಕಾವಲಿನ ಹೆಸರಲ್ಲಿ ಬಂದ ಹಾವಳಿ

ಬೀದರ್ ಜಿಲ್ಲೆಯ ಖಟಕ ಚಿಂಚೋಳಿ, ಭಾಲ್ಕಿ, ಔರಾದ್ ಸೀಮೆಯ ಹಿರಿಯರು ಹಳೆಯ ಕಾಲವನ್ನು ಎರಡು ಮಾತುಗಳಿಂದ ಗುರುತಿಸುತ್ತಾರೆ. ಒಂದು ರಜಾಕಾರರ ಹಾವಳಿ, ಇನ್ನೊಂದು ಪೊಲೀಸ್ ಆ್ಯಕ್ಷನ್. ಹಾವಳಿ ತೀವ್ರವಾದದ್ದೂ ಆ್ಯಕ್ಷನ್ ನಡೆದದ್ದೂ 1948ರಲ್ಲಿ, ಕೆಲವೇ ತಿಂಗಳುಗಳ ಅಂತರದಲ್ಲಿ. ಆದರೆ ಆ ಹಾವಳಿಗೆ ನೆಲ ಹದವಾಗಲು ಹಲವು ವರ್ಷಗಳೇ ಹಿಡಿದಿದ್ದವು.

ಶುರುವಾದದ್ದು ಕಾಗದದ ಮೇಲೆ. ಈ ಭಾಗ ಆಗ ಸೇರಿದ್ದ ಹೈದರಾಬಾದ್ ಸಂಸ್ಥಾನದ ನಿಜಾಮ್ ಸರ್ಕಾರದ 53ನೇ ಸಂಖ್ಯೆಯ ಗಸ್ತಿ ಆದೇಶ ಬಂದ ಮೇಲೆ ಅನುಮತಿಯಿಲ್ಲದೆ ಸಭೆ ಸೇರುವಂತಿರಲಿಲ್ಲ. 1938ರಲ್ಲಿ ಹುಟ್ಟಿದ ಹೈದರಾಬಾದ್ ಸ್ಟೇಟ್ ಕಾಂಗ್ರೆಸ್ಸಿನ ಮೇಲೆ ಕೂಡಲೇ ನಿಷೇಧ ಬಿತ್ತು. ಕಚೇರಿ, ಕೋರ್ಟು, ಶಾಲೆಗಳಲ್ಲೆಲ್ಲ ಉರ್ದುವಿನದೇ ಆಡಳಿತ. ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಈ ಭಾಗದ ಜನ ಇಂದಿಗೂ ಅಭಿಮಾನದಿಂದ ನೆನೆಯುತ್ತಾರೆ. ಮಕ್ಕಳಿಗೆ ಮನೆಮಾತಿನ ಅಕ್ಷರ ಕಲಿಸಲೂ ಮರೆ ಬೇಕಾಗಿದ್ದ ಕಾಲವದು.

1927ರಲ್ಲಿ ಸ್ಥಾಪನೆಯಾದ ಮಜ್ಲಿಸ್-ಎ-ಇತ್ತೆಹಾದುಲ್ ಮುಸ್ಲಿಮೀನ್ ಸಂಘಟನೆ 1946ರಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ಕೈಗೆ ಬಂತು. 1947ರ ಜೂನ್‌ನಲ್ಲಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್, ತನ್ನ ಸಂಸ್ಥಾನ ಭಾರತವನ್ನೂ ಸೇರುವುದಿಲ್ಲ, ಪಾಕಿಸ್ತಾನವನ್ನೂ ಸೇರುವುದಿಲ್ಲ ಎಂದು ಸಾರಿದ. ಆ ನಿರ್ಧಾರವನ್ನು ಕಾಯುವ ಹೆಸರಿನಲ್ಲಿ ಮಜ್ಲಿಸ್‌ನ ಸ್ವಯಂಸೇವಕರಾದ ರಜಾಕಾರರ ಪಡೆ ಬೆಳೆಯಿತು. ಸಂಸ್ಥಾನಕ್ಕೆ ಸ್ವಂತ ಸೈನ್ಯವಿತ್ತು, ಪೊಲೀಸರಿದ್ದರು. ಆದರೂ ಈ ಮೂರನೆಯ ಪಡೆಗೆ ಸರ್ಕಾರ ಅಂಕೆ ಹಾಕಲಿಲ್ಲ. ಕೈಯಲ್ಲಿ ಕೋವಿ ಇದ್ದ ಇವರನ್ನು ಕೇಳುವ ಮೇಲಧಿಕಾರಿಯೂ ಇರಲಿಲ್ಲ, ನ್ಯಾಯಾಲಯವೂ ಇರಲಿಲ್ಲ. ದೂರು ಒಯ್ದವನಿಗೆ ಠಾಣೆಯಲ್ಲಿ ಆಸರೆ ಸಿಗದಿದ್ದರೆ ಅವನು ಹೋಗುವುದಾದರೂ ಎಲ್ಲಿಗೆ?

ಜನ ಊರು ಬಿಟ್ಟರು. ಸಂಸ್ಥಾನದ ಗಡಿಯಾಚೆ ಸೊಲ್ಲಾಪುರದ ಕಡೆಗೆ ಗಂಟುಮೂಟೆ ಕಟ್ಟಿಕೊಂಡು ನಡೆದರು. ಗಡಿಯಂಚಿನಲ್ಲಿ ಹೋರಾಟಗಾರರ ಶಿಬಿರಗಳು ಎದ್ದವು. 1948ರ ಮೇ 9ರ ಹೊತ್ತಿಗೆ, ಇಂದಿನ ಬಸವಕಲ್ಯಾಣ ಸೀಮೆಯ ಗೋರ್ಟಾ ಗ್ರಾಮದ ಮೇಲೆ ರಜಾಕಾರರು ಮುಗಿಬಿದ್ದರು. ಇನ್ನೂರರಷ್ಟು ಜನ ಹತರಾದರೆಂಬುದು ಊರವರು ಹೇಳುತ್ತ ಬಂದ ಲೆಕ್ಕ.

ಈ ದಬ್ಬಾಳಿಕೆ ಬೇರೆ ಧರ್ಮದವರ ಮೇಲಷ್ಟೇ ನಡೆಯಿತೆಂದು ತಿಳಿದರೆ ತಪ್ಪಾಗುತ್ತದೆ. ಹೈದರಾಬಾದಿನ ಉರ್ದು ಪತ್ರಿಕೆ 'ಇಮ್ರೋಜ್'ನ ಸಂಪಾದಕ ಶೋಯೆಬುಲ್ಲಾ ಖಾನ್, ಸಂಸ್ಥಾನ ಭಾರತಕ್ಕೆ ಸೇರಲಿ ಎಂದು ಬರೆದರು, ರಜಾಕಾರರನ್ನು ಖಂಡಿಸಿದರು. 1948ರ ಆಗಸ್ಟ್‌ನಲ್ಲಿ ಅವರನ್ನು ನಡುಬೀದಿಯಲ್ಲಿ ಕೊಂದರು, ಬರೆಯುವ ಕೈಯನ್ನೂ ಕಡಿದರು. ಪ್ರಶ್ನೆ ಮಾಡಿದವನ ಮತ ಯಾವುದೆಂದು ಕೊಂದವರು ನೋಡಲಿಲ್ಲ.

ಸೆಪ್ಟೆಂಬರ್ 13ರಂದು ಮೇಜರ್ ಜನರಲ್ ಜೆ.ಎನ್. ಚೌಧುರಿ ಅವರ ನೇತೃತ್ವದಲ್ಲಿ ಭಾರತದ ಸೈನ್ಯ ಸೊಲ್ಲಾಪುರದ ದಿಕ್ಕಿನಿಂದ ಒಳಬಂತು. ಜನ ಪೊಲೀಸ್ ಆ್ಯಕ್ಷನ್ ಎನ್ನುವುದು ಇದನ್ನೇ. ನಳದುರ್ಗ ದಾಟಿ ಬೀದರ್ ಜಿಲ್ಲೆಯ ಹೆದ್ದಾರಿ ಹಿಡಿದು ಹೈದರಾಬಾದಿನತ್ತ ಸಾಗಿತು. 17ರಂದು ನಿಜಾಮ ಕದನವಿರಾಮ ಸಾರಿದ. ಊರುಗಳಲ್ಲಿ ತ್ರಿವರ್ಣ ಧ್ವಜ ಏರಿತು. ಬಿಟ್ಟುಹೋದವರು ಮರಳಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ಎಷ್ಟು ಚೆನ್ನಿತ್ತು. ರಜಾಕಾರರು ಓಡಿಹೋದ ಮೇಲೆ ಸೇಡು ಅವರನ್ನು ಹುಡುಕಿಕೊಂಡು ಹೋಗಲಿಲ್ಲ. ಊರಲ್ಲೇ ಉಳಿದ ಬಡ ಮುಸ್ಲಿಮರ ಮನೆಬಾಗಿಲಿಗೆ ಬಂತು. ಪ್ರಧಾನಿ ನೆಹರೂ ಸರ್ಕಾರ ಕಳುಹಿಸಿದ ಪಂಡಿತ ಸುಂದರಲಾಲ್, ಖಾಜಿ ಅಬ್ದುಲ್ ಗಫಾರ್ ಅವರ ತಂಡ ನವೆಂಬರ್, ಡಿಸೆಂಬರ್‌ನಲ್ಲಿ ಜಿಲ್ಲೆಗಳನ್ನು ಸುತ್ತಿತು. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಆನಂತರ ಇಡೀ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬಹುದೆಂದು ಅದು ಅಂದಾಜಿಸಿತು. ಹೆಚ್ಚು ನೊಂದ ನಾಲ್ಕು ಜಿಲ್ಲೆಗಳಲ್ಲಿ ಉಸ್ಮಾನಾಬಾದ್, ಗುಲಬರ್ಗಾ, ನಾಂದೇಡ್ ಜೊತೆಗೆ ಬೀದರ್ ಹೆಸರೂ ಇತ್ತು. ಕೆಲವೆಡೆ ಸಮವಸ್ತ್ರದವರೇ ಲೂಟಿ, ಕೊಲೆಗಳಲ್ಲಿ ಪಾಲ್ಗೊಂಡದ್ದನ್ನೂ, ಪ್ರಾಣದ ಹಂಗು ತೊರೆದು ಮುಸ್ಲಿಂ ನೆರೆಯವರನ್ನು ಕಾಪಾಡಿದ ಹಿಂದೂಗಳನ್ನೂ ಆ ವರದಿ ದಾಖಲಿಸಿತು. ದಶಕಗಳ ಕಾಲ ಅದು ಜನರ ಕೈಗೆ ಸಿಗಲಿಲ್ಲ.

ಎರಡೂ ಹತ್ಯಾಕಾಂಡಗಳ ಬೇರು ಒಂದೇ. ಆಯುಧ ಹಿಡಿದವನನ್ನು ಕೇಳುವವರಿಲ್ಲದಾಗ ನಿರಪರಾಧಿ ಸಾಯುತ್ತಾನೆ. ಮೊದಲು ಗೋರ್ಟಾದವನು ಸತ್ತ, ಆಮೇಲೆ ರಜಾಕಾರನಲ್ಲದ ಮುಸ್ಲಿಮನೂ ಸತ್ತ.

1949ರ ನವೆಂಬರ್‌ನಲ್ಲಿ ಹೈದರಾಬಾದ್ ಭಾರತದ ಸಂವಿಧಾನವನ್ನು ಒಪ್ಪಿಕೊಂಡಿತು. 1956ರ ನವೆಂಬರ್ 1ರಂದು ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ಭಾಗಗಳು ಮೈಸೂರು ರಾಜ್ಯಕ್ಕೆ ಬಂದವು. ಇಂದು ಖಟಕ ಚಿಂಚೋಳಿಯಲ್ಲಿ ಪೊಲೀಸ್ ಠಾಣೆಯಿದೆ. ಅಲ್ಲಿ ಬಂಧಿಸಿದವರನ್ನು ಸಾಮಾನ್ಯವಾಗಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಸಂವಿಧಾನದ 22ನೇ ವಿಧಿ ಹೇಳುತ್ತದೆ. 1948ರ ರೈತನಿಗೆ ಇಲ್ಲದಿದ್ದ ರಕ್ಷಣೆ ಇದು.

ಪ್ರತಿ ಸೆಪ್ಟೆಂಬರ್ 17ರಂದು ಕಲ್ಯಾಣ ಕರ್ನಾಟಕ ಉತ್ಸವ ನಡೆಯುತ್ತದೆ. ಅಂದು ಶಾಲೆಯ ಮಕ್ಕಳಿಗೆ ಗೋರ್ಟಾದ ಕಥೆ ಹೇಳಬೇಕು, ಸುಂದರಲಾಲ್ ವರದಿಯಲ್ಲಿರುವ ಬೀದರಿನ ಕಥೆಯನ್ನೂ ಹೇಳಬೇಕು. ಒಂದನ್ನಷ್ಟೇ ಹೇಳಿದರೆ ಮಕ್ಕಳು ಸೇಡು ಕಲಿಯುತ್ತಾರೆ. ಎರಡನ್ನೂ ಕೇಳಿದವರು, ನಾಳೆ ಯಾವುದೋ ಗುಂಪು ತಾನೇ ಕಾವಲು ಎನ್ನುತ್ತ ಲಾಠಿ ಹಿಡಿದು ಬಂದರೆ, ನಿನಗೆ ಈ ಅಧಿಕಾರ ಕೊಟ್ಟವರು ಯಾರು ಎಂದು ಮೊದಲು ಕೇಳುತ್ತಾರೆ.